ಸಬ್‌ವೂಫರ್ ಗುಂಯ್ ಎನ್ನುತ್ತದೆ, ಆದರೆ ಆಳವೇ ಇಲ್ಲ. ಜೋಡಿಸಿದ ರೀತಿ ಸರಿಯೇ?

ಕೋಡಿಬಾಗದವ (ಕಾರವಾರ)
ಹೊಸ ಮನೆಯ ಹಾಲ್‌ನಲ್ಲಿ 5.1 ಹೋಮ್ ಥಿಯೇಟರ್ ಹಾಕಿಸಿದ್ದೇನೆ. ಹಾಲ್ 16 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರ. ಸುತ್ತ ಸಿಮೆಂಟ್ ಗೋಡೆ, ಮೇಲೆ ಆರ್‌ಸಿಸಿ, ಕೆಳಗೆ ಟೈಲ್ಸ್. ರಿಸೀವರ್ (ಎಲ್ಲ ಸ್ಪೀಕರ್‌ಗಳಿಗೂ ಸದ್ದು ಹಂಚುವ ಪೆಟ್ಟಿಗೆ) ಡೆನಾನ್, ಮುಂದೆ ಎರಡು ಬುಕ್‌ಶೆಲ್ಫ್ ಸ್ಪೀಕರ್, ನಡುವೆ ಒಂದು, ಹಿಂದೆ ಎರಡು ಚಿಕ್ಕವು, ತಗ್ಗಿನ ಸ್ವರಕ್ಕೆಂದೇ 10 ಇಂಚಿನ ಸಬ್‌ವೂಫರ್. ಸೋಫಾ ಹಾಲ್‌ನ ನಟ್ಟನಡುವೆ ಇದೆ.

ಅಂಗಡಿಯಿಂದ ಬಂದ ಹುಡುಗ ಮುಂದಿನ ಸ್ಪೀಕರ್‌ಗಳ ತಂತಿಯನ್ನು ಮೊದಲು ಸಬ್‌ಗೆ ಎಳೆದು, ಅಲ್ಲಿಂದ ಸ್ಪೀಕರ್‌ಗಳಿಗೆ ಕೊಟ್ಟು ಹೋಗಿದ್ದಾನೆ. ರಿಸೀವರ್‌ನ ಹಿಂದೆ ‘ಸಬ್‌ವೂಫರ್ ಪ್ರೀ ಔಟ್’ ಎಂಬ ಕೇಬಲ್ ಕಿಂಡಿ ಖಾಲಿ ಇದೆ. ಸೋಫಾದಲ್ಲಿ ಕುಳಿತರೆ ಒಂದೇ ಸ್ವರದ ಗುಂಯ್ ಸದ್ದು, ಗುಡುಗಿನ ಆಳ ಇಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತರೆ ಎದೆ ನಡುಗುವಷ್ಟು ಬರುತ್ತದೆ! ಇದರ ಮೇಲೆ, ಏನೂ ಹಾಕದಿದ್ದಾಗಲೂ ಸಬ್‌ನಿಂದ ಸಣ್ಣಗೆ ಗೊಂಯ್ ಎಂಬ ಸದ್ದು. ಅಂಗಡಿಗೆ ಫೋನ್ ಮಾಡಿದರೆ ಇನ್ನೂ ದೊಡ್ಡ ಸಬ್ ಕೊಳ್ಳಿ ಎನ್ನುತ್ತಾರೆ. ತಿಳಿದವರು ಹೇಳಿ.

ಕಾಳಿ ದಂಡೆ (ಸದಾಶಿವಗಡ)
ಆ ಖಾಲಿ ಪ್ರೀ ಔಟ್‌ಗೆ ಒಂದು ಆರ್‌ಸಿಎ ಕೇಬಲ್ ಚುಚ್ಚಿ ಸಬ್‌ನ ‘ಎಲ್‌ಎಫ್‌ಇ’ (ತಗ್ಗಿನ ಸ್ವರದ ಚಾನೆಲ್) ಎಂದು ಬರೆದಲ್ಲಿಗೆ ಕೊಡಿ. ದೊಡ್ಡ ಸಬ್ ಸದ್ಯಕ್ಕೆ ಬೇಡ.

ಸೊಪ್ಪಿನಬೆಟ್ಟ (ಶಿರಸಿ)
ಕಾಳಿ ದಂಡೆಯವರು ಹೇಳಿದ್ದೇ ಸರಿ. ಕಾರಣವನ್ನೂ ಹೇಳುತ್ತೇನೆ, ಏಕೆಂದರೆ ಈ ಜೋಡಣೆಯನ್ನು ನಮ್ಮ ಕಡೆ ಮನೆ ಮನೆಯಲ್ಲೂ ನೋಡಿ ಬೇಸತ್ತಿದ್ದೇನೆ.

5.1ರಲ್ಲಿನ ‘.1’ ಎಂದರೆ ಸಿನಿಮಾದವರು ಗುಡುಗು, ಸ್ಫೋಟ, ನೆಲದ ಕಂಪನಕ್ಕಾಗಿಯೇ ಇಟ್ಟ ಪ್ರತ್ಯೇಕ ಚಾನೆಲ್, ಎಲ್‌ಎಫ್‌ಇ ಎಂದರೂ ಅದೇ. ಡಾಲ್ಬಿ ಡಿಜಿಟಲ್‌ನಲ್ಲಿ ಅದು 120 ಹರ್ಟ್ಸ್ (ಸೆಕೆಂಡಿಗೆ 120 ಕಂಪನ) ವರೆಗೆ ಮಾತ್ರ. ಉಳಿದ ಚಾನೆಲ್‌ಗಳಿಗಿಂತ 10 ಡೆಸಿಬೆಲ್ ಹೆಚ್ಚು ಜೋರಾಗಿ ನುಡಿಯಬೇಕೆಂದೇ ಅದನ್ನು ರೂಪಿಸಿದ್ದಾರೆ. ಸಬ್ ಇದೆ ಎಂಬುದು ರಿಸೀವರ್‌ಗೆ ತಿಳಿಯದಿದ್ದರೆ ಆ ಭಾರವನ್ನೆಲ್ಲ ಅದು ಮುಂದಿನ ಸ್ಪೀಕರ್‌ಗಳ ಮೇಲೆ ಹೇರುತ್ತದೆ. ನಿಮ್ಮ ಬುಕ್‌ಶೆಲ್ಫ್ ಸ್ಪೀಕರ್‌ಗಳು ಅದನ್ನು ಹೊರಲಾರವು. ಜೊತೆಗೆ ನಡುವಿನ ಸ್ಪೀಕರ್ ಮತ್ತು ಹಿಂದಿನವುಗಳ ತಗ್ಗಿನ ಸ್ವರಗಳನ್ನು ಸಬ್‌ಗೆ ಹಂಚುವವರೂ ಯಾರೂ ಇಲ್ಲ.

ಆದ್ದರಿಂದ ಸ್ಪೀಕರ್ ತಂತಿಗಳನ್ನು ರಿಸೀವರ್‌ನಿಂದ ನೇರವಾಗಿ ಸ್ಪೀಕರ್‌ಗೆ ಕೊಡಿ. ಸಬ್‌ಗೆ ಒಂದೇ ಒಂದು ಆರ್‌ಸಿಎ ಕೇಬಲ್ ಸಾಕು. ಮೆನುವಿನಲ್ಲಿ ಸಬ್ ‘ಯೆಸ್’ ಮಾಡಿ, ಎಲ್ಲ ಸ್ಪೀಕರ್‌ಗಳನ್ನೂ ‘ಸ್ಮಾಲ್’ ಮಾಡಿ, ಮುಂದಿನವಕ್ಕೆ ಕ್ರಾಸ್‌ಓವರ್ (ತಗ್ಗಿನ ಸ್ವರ ಸಬ್‌ಗೆ ತಿರುಗುವ ಗಡಿ) 80 ಹರ್ಟ್ಸ್ ಇಡಿ. ಅದು ಸಿನಿಮಾ ಶಬ್ದದ ಗುಣಮಟ್ಟ ಗೊತ್ತುಮಾಡುವ ಟಿಎಚ್‌ಎಕ್ಸ್‌ನವರು ಬಹಳ ಹಿಂದೆ ಗೊತ್ತುಮಾಡಿದ ಅಳತೆ, ಇಂದಿಗೂ ಹೆಚ್ಚಿನ ಮನೆಗಳಿಗೆ ಹೊಂದುತ್ತದೆ. ಹಿಂದಿನ ಚಿಕ್ಕ ಸ್ಪೀಕರ್‌ಗಳಿಗೆ 100 ಅಥವಾ 120 ಬೇಕಾಗಬಹುದು.

ಬಂಡಿಹಬ್ಬ (ಅಂಕೋಲಾ)
‘ಸ್ಮಾಲ್’ ಎಂದರೆ ಶಬ್ದ ಕಡಿಮೆಯಾಗುವುದಿಲ್ಲವೇ? ದುಡ್ಡು ಕೊಟ್ಟು ದೊಡ್ಡ ಸ್ಪೀಕರ್ ತಂದು ಸ್ಮಾಲ್ ಮಾಡುವುದು ಎಂತಹ ನ್ಯಾಯ?

ಸೊಪ್ಪಿನಬೆಟ್ಟ
ಇಲ್ಲ. ಪೆಟ್ಟಿಗೆಯ ಗಾತ್ರಕ್ಕೂ ಆ ಮಾತಿಗೂ ಸಂಬಂಧವಿಲ್ಲ. 80ಕ್ಕಿಂತ ಕೆಳಗಿನ ಸ್ವರವನ್ನು ಸಬ್‌ಗೆ ಕಳಿಸು ಎಂದು ಹೇಳಿದಂತೆ, ಅಷ್ಟೇ. ತಗ್ಗಿನ ಸ್ವರದ ಹೊರೆ ಇಳಿದ ಮೇಲೆ ನಿಮ್ಮ ದೊಡ್ಡ ಸ್ಪೀಕರ್ ಮಾತನ್ನೂ ಹಾಡನ್ನೂ ಇನ್ನಷ್ಟು ಸ್ವಚ್ಛವಾಗಿ ನುಡಿಯುತ್ತದೆ.

ಹಳೆಯ ಆಂಪ್ಲಿಫೈಯರ್ (ಹೊನ್ನಾವರ)
ಸ್ಪೀಕರ್ ತಂತಿಯ ಜೋಡಣೆ ತಪ್ಪು ಎಂದು ಸಾರಾಸಗಟಾಗಿ ಹೇಳಬೇಡಿ. ನನ್ನದು ಬರೀ ಎರಡು ಚಾನೆಲ್‌ನ ಹಳೆಯ ಆಂಪ್ಲಿಫೈಯರ್. ಅದರಲ್ಲಿ ಪ್ರೀ ಔಟ್ ಇಲ್ಲವೇ ಇಲ್ಲ. ಸಬ್‌ನಲ್ಲಿರುವ ಹೈ ಲೆವೆಲ್ ಇನ್‌ಪುಟ್ (ಸ್ಪೀಕರ್ ತಂತಿ ಜೋಡಿಸುವ ಜಾಗ) ನಮ್ಮಂಥವರಿಗಾಗಿಯೇ ಕೊಟ್ಟದ್ದು. ಸಂಗೀತಕ್ಕೆ ಇದಕ್ಕಿಂತ ಒಳ್ಳೆಯ ಜೋಡಣೆ ಇನ್ನೊಂದಿಲ್ಲ.

ಗಜನಿ ಗದ್ದೆ (ಕುಮಟಾ)
ನಿಮ್ಮ ಆಂಪ್ಲಿಫೈಯರ್‌ಗೆ ಅದೇ ಸರಿ, ಒಪ್ಪುತ್ತೇನೆ. ಆದರೆ ಕೇಳಿದವರ ಹತ್ತಿರ ಇರುವುದು 5.1 ರಿಸೀವರ್. ಅದರಲ್ಲಿ ಆ ದಾರಿ ಹಿಡಿಯಲು ಯಾವ ಕಾರಣವೂ ಇಲ್ಲ. ಇನ್ನೊಂದು ಎಚ್ಚರಿಕೆ: ಬ್ರಿಜ್ ಮಾಡಿದ (ಎರಡು ಚಾನೆಲ್ ಕೂಡಿಸಿ ಒಂದಾಗಿಸಿದ) ಅಥವಾ ಕೆಲವು ಕ್ಲಾಸ್ ಡಿ ಆಂಪ್ಲಿಫೈಯರ್‌ಗಳಲ್ಲಿ ಕಪ್ಪು ತುದಿ ಗ್ರೌಂಡ್ ಆಗಿರುವುದಿಲ್ಲ. ಕೈಪಿಡಿ ಓದದೆ ಹೈ ಲೆವೆಲ್‌ಗೆ ಜೋಡಿಸಿದರೆ ಆಂಪ್ಲಿಫೈಯರ್ ಸುಟ್ಟುಹೋದೀತು.

ಅಪ್ಪೆಮಿಡಿ (ಸಿದ್ದಾಪುರ)
ಸಬ್‌ನ ಹಿಂದೆ ಇರುವ ಕ್ರಾಸ್‌ಓವರ್ ನಾಬ್ ಅನ್ನೂ 80ಕ್ಕೇ ಇಡಬೇಕು. ಎರಡೂ ಕಡೆ 80 ಇದ್ದರೆ ಲೆಕ್ಕ ಸರಿಯಾಗುತ್ತದೆ.

ಗಜನಿ ಗದ್ದೆ
ಇಲ್ಲ ಮಾರಾಯರೇ, ಅದೇ ದೊಡ್ಡ ಎಡವಟ್ಟು. ರಿಸೀವರ್ ಒಮ್ಮೆ ಸೋಸಿ ಕಳಿಸಿದ್ದನ್ನು ಸಬ್ ಮತ್ತೊಮ್ಮೆ ಸೋಸುತ್ತದೆ. ಎರಡು ಫಿಲ್ಟರ್ ಒಂದರ ಮೇಲೊಂದು ಬಿದ್ದು 80ರ ಆಸುಪಾಸಿನಲ್ಲಿ ಸದ್ದು ಕುಸಿಯುತ್ತದೆ, ಫೇಸ್ (ಸಬ್ ಮತ್ತು ಸ್ಪೀಕರ್‌ಗಳ ಅಲೆ ಒಟ್ಟಿಗೆ ಏರಿಳಿಯುವ ಹೊಂದಿಕೆ) ಕೂಡ ಕೆಡುತ್ತದೆ. ‘ಎಲ್‌ಎಫ್‌ಇ’ ಇನ್‌ಪುಟ್ ಇದ್ದರೆ ಸಾಮಾನ್ಯವಾಗಿ ನಾಬ್ ಬದಿಗೆ ಸರಿಯುತ್ತದೆ. ಆ ಇನ್‌ಪುಟ್ ಇಲ್ಲದಿದ್ದರೆ ನಾಬ್ ಅನ್ನು ಕೊನೆಯವರೆಗೆ ತಿರುಗಿಸಿಬಿಡಿ. ಡೆನಾನ್ ಮೆನುವಿನಲ್ಲಿ ‘ಎಲ್‌ಪಿಎಫ್ ಫಾರ್ ಎಲ್‌ಎಫ್‌ಇ’ (ಆ ‘.1’ ಚಾನೆಲ್‌ನ ಮೇಲಿನ ಮಿತಿ) ಎಂಬುದು ಬೇರೆಯೇ ಇದೆ, ಅದು 120ರಲ್ಲಿ ಇರಲಿ.

ಅಪ್ಪೆಮಿಡಿ
ನಮ್ಮ ಮನೆಯಲ್ಲಿ ಎರಡೂ 80ಕ್ಕೇ ಇವೆ, ಚೆನ್ನಾಗಿಯೇ ಕೇಳುತ್ತದೆ.

ಗಜನಿ ಗದ್ದೆ
ಒಮ್ಮೆ ಕೊನೆಗೆ ತಿರುಗಿಸಿ ಅದೇ ಹಾಡು ಹಾಕಿ ನೋಡಿ. ಆಮೇಲೆ ಜಗಳವಾಡೋಣ.

ಅಳತೆಪಟ್ಟಿ (ಶಿರಸಿ)
ಎಲ್ಲರೂ ತಂತಿ, ನಾಬ್ ಎನ್ನುತ್ತಿದ್ದೀರಿ. ಕೋಡಿಬಾಗದವರ ಮುಖ್ಯ ತೊಂದರೆ ಸೋಫಾ. ಲೆಕ್ಕ ಹಾಕಿ ತೋರಿಸುತ್ತೇನೆ.

ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. 16 ಅಡಿ ಎಂದರೆ 4.88 ಮೀಟರ್. ಎದುರುಬದುರು ಗೋಡೆಗಳ ನಡುವೆ ನಿಲ್ಲುವ ಮೊದಲ ಅಲೆಯ ಆವರ್ತನ ಬೇಕಾದರೆ 343ನ್ನು ಉದ್ದದ ಎರಡರಷ್ಟರಿಂದ ಭಾಗಿಸಬೇಕು. 343 ಭಾಗಿಸು 9.76, ಅಂದರೆ 35 ಹರ್ಟ್ಸ್. ಈ ಅಲೆ ಗೋಡೆಗಳ ಬುಡದಲ್ಲಿ ಅತ್ಯಂತ ಜೋರು, ಕೋಣೆಯ ಸರಿಯಾದ ಮಧ್ಯದಲ್ಲಿ ಹೆಚ್ಚುಕಡಿಮೆ ಸೊನ್ನೆ. 12 ಅಡಿಯ ಅಗಲಕ್ಕೆ 47 ಹರ್ಟ್ಸ್, ಅದೂ ಮಧ್ಯದಲ್ಲಿ ಸೊನ್ನೆ. ನೀವು ಕುಳಿತಿರುವುದು ಉದ್ದಕ್ಕೂ ಅಗಲಕ್ಕೂ ನಡುವೆ! 35 ಮತ್ತು 47 ಎರಡೂ ನಿಮ್ಮ ಕಿವಿಗೆ ತಲುಪುತ್ತಿಲ್ಲ. ಆದರೆ ಉದ್ದದ ಎರಡನೆಯ ಅಲೆ 70 ಹರ್ಟ್ಸ್, ಅದು ಮಧ್ಯದಲ್ಲಿಯೇ ಉಬ್ಬುತ್ತದೆ. ನೀವು ಬರೆದ ಒಂದೇ ಸ್ವರದ ಗುಂಯ್ ಬಹುಮಟ್ಟಿಗೆ ಅದೇ. ಅಡುಗೆಮನೆಯ ಬಾಗಿಲು ಗೋಡೆಯ ಪಕ್ಕದಲ್ಲಿದೆ, ಅಲ್ಲಿ ಎದೆ ನಡುಗುವುದಕ್ಕೂ ಇದೇ ಕಾರಣ.

ಆ ಜಾಗದಲ್ಲಿ 18 ಇಂಚಿನ ಸಬ್ ತಂದರೂ ಸೊನ್ನೆ ಸೊನ್ನೆಯೇ. ರಿಸೀವರ್‌ನಲ್ಲಿ 35ನ್ನು ಎಷ್ಟು ಏರಿಸಿದರೂ ಪ್ರಯೋಜನವಿಲ್ಲ, ಆಂಪ್ಲಿಫೈಯರ್ ಸುಮ್ಮನೆ ಬೆವರುತ್ತದೆ. ಸೋಫಾವನ್ನು ಹಿಂದಿನ ಗೋಡೆಯಿಂದ ಐದಾರು ಅಡಿ ದೂರಕ್ಕೆ ಸರಿಸಿ. ಅದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಕಾಳಿ ದಂಡೆ
ಇಷ್ಟು ಸ್ಪಷ್ಟವಾಗಿ ಯಾವ ಅಂಗಡಿಯವರೂ ಹೇಳುವುದಿಲ್ಲ. ಧನ್ಯವಾದ.

ತೊಡದೇವು (ಶಿರಸಿ)
ಸಬ್ ಎಲ್ಲಿಡಬೇಕು ಎಂಬುದಕ್ಕೆ ಹಳೆಯ ಉಪಾಯ ಇದೆ. ಸೋಫಾ ಸರಿಸಿ, ನೀವು ಕೂರುವ ಜಾಗದಲ್ಲಿ ಸಬ್ ಇಟ್ಟು, ತಗ್ಗಿನ ಸ್ವರ ಏರಿಳಿಯುವ ಒಂದು ಹಾಡನ್ನು ಸುತ್ತಿ ಸುತ್ತಿ ಬರುವಂತೆ ಹಾಕಿ. ಆಮೇಲೆ ಗೋಡೆಯ ಬುಡದಲ್ಲಿ ಅಂಬೆಗಾಲಿಟ್ಟು ಹೋಗುತ್ತಾ ಕೇಳಿ. ಎಲ್ಲಿ ಪ್ರತಿ ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದೆಯೋ ಅಲ್ಲಿ ಸಬ್ ಇಡಿ. ಜೋರಾಗಿ ಕೇಳುವ ಜಾಗ ಹುಡುಕಬೇಡಿ, ಸಮವಾಗಿ ಕೇಳುವ ಜಾಗ ಹುಡುಕಿ. ಮೂಲೆಯಲ್ಲಿ ಜೋರು ಸಿಗುತ್ತದೆ, ಆದರೆ ಕೋಣೆಯ ಎಲ್ಲ ಅಲೆಗಳೂ ಅಲ್ಲಿ ಕೆರಳುತ್ತವೆ.

ಬಂಡಿಹಬ್ಬ
ಗೊಂಯ್ ಸದ್ದಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ನಮ್ಮಲ್ಲಿ ಮೂರು ಪಿನ್ನಿನ ಪ್ಲಗ್‌ನ ಅರ್ಥ್ ಪಿನ್ ತೆಗೆದರೆ ನಿಂತುಹೋಯಿತು. ಸುಲಭ.

ಫ್ಯೂಸ್ ತಂತಿ (ಯಲ್ಲಾಪುರ)
ದಯವಿಟ್ಟು ಈ ಸಲಹೆಯನ್ನು ಯಾರೂ ಪಾಲಿಸಬೇಡಿ. ನಾನು ವಿದ್ಯುತ್ ಕೆಲಸದವನು, ಕೈಮುಗಿದು ಹೇಳುತ್ತೇನೆ. ಆ ಪಿನ್ ಇರುವುದು ಒಳಗೆ ತಂತಿ ಕಳಚಿ ಲೋಹದ ಭಾಗಕ್ಕೆ ತಗುಲಿದರೆ ನಿಮ್ಮ ಜೀವ ಉಳಿಯಲಿ ಎಂದು. ಮಳೆಗಾಲದಲ್ಲಿ ನೆಲ ಒದ್ದೆಯಿರುವ ನಮ್ಮ ಮನೆಗಳಲ್ಲಿ, ಮಕ್ಕಳು ಬರಿಗಾಲಲ್ಲಿ ಓಡಾಡುವಲ್ಲಿ, ಅದನ್ನು ತೆಗೆಯುವುದೇ? ಬಂಡಿಹಬ್ಬದವರೇ, ಇವತ್ತೇ ಅದನ್ನು ವಾಪಸ್ ಹಾಕಿಸಿ.

ಸದ್ದು ಎಲ್ಲಿಂದ ಬರುತ್ತದೆ ಎಂದು ಹುಡುಕುವ ಕ್ರಮ ಹೀಗೆ. ಸಬ್ ಆಫ್ ಮಾಡಿ ಆರ್‌ಸಿಎ ಕೇಬಲ್ ಕಳಚಿ, ಮತ್ತೆ ಆನ್ ಮಾಡಿ. ಸದ್ದು ಇನ್ನೂ ಇದ್ದರೆ ಸಬ್‌ನದೇ ದೋಷ, ವಾರಂಟಿ ಕೇಳಿ. ಸದ್ದು ನಿಂತರೆ ಅದು ಕೇಬಲ್ ದಾರಿಯಲ್ಲಿ ಬರುತ್ತಿದೆ. ಕೇಬಲ್ ಮತ್ತೆ ಹಾಕಿ, ಈಗ ಡಿಶ್ ಅಥವಾ ಕೇಬಲ್ ಟಿವಿಯ ತಂತಿಯನ್ನು ಸೆಟ್‌ಟಾಪ್ ಬಾಕ್ಸ್‌ನಿಂದ ಬಿಚ್ಚಿ ನೋಡಿ. ಬಹಳ ಮನೆಗಳಲ್ಲಿ ಅಲ್ಲಿಗೇ ನಿಲ್ಲುತ್ತದೆ. ಆ ತಂತಿ ಬೇರೆ ಕಡೆ ನೆಲ ಮುಟ್ಟಿದೆ, ನಿಮ್ಮ ಸಬ್ ಇನ್ನೊಂದು ಕಡೆ ಮುಟ್ಟಿದೆ, ಎರಡರ ನಡುವೆ ಸುತ್ತುವ ಕರೆಂಟಿನ 50 ಹರ್ಟ್ಸ್ ನಿಮಗೆ ಕೇಳುತ್ತಿದೆ. ಕೇಬಲ್ ದಾರಿಗೆ ಐಸೊಲೇಟರ್ (ಆ ಸುತ್ತನ್ನು ತುಂಡರಿಸುವ ಸಾಧನ) ಹಾಕಿಸಿ. ಟಿವಿ, ರಿಸೀವರ್, ಸಬ್ ಮೂರಕ್ಕೂ ಒಂದೇ ಬೋರ್ಡಿನಿಂದ ವಿದ್ಯುತ್ ಕೊಡಿ.

ಇನ್ನೊಂದು ವಿಷಯ, ನಮ್ಮ ಜಿಲ್ಲೆಯವರಿಗೆ. ಚಿರೆಕಲ್ಲಿನ ನೆಲದಲ್ಲಿ ತೋಡಿದ ಅರ್ಥಿಂಗ್ ಗುಂಡಿ ಮಾರ್ಚ್ ನಂತರ ಒಣಗಿ ಹೋಗುತ್ತದೆ. ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕುತ್ತಿರಬೇಕು, ಆಗಾಗ ಅಳೆಸಬೇಕು. ಇದು ಸಬ್‌ಗಿಂತ ಮೊದಲು ನಿಮಗಾಗಿ ಮಾಡಬೇಕಾದದ್ದು.

ಬಂಡಿಹಬ್ಬ
ಆಯಿತು, ನಾಳೆಯೇ ಹಾಕಿಸುತ್ತೇನೆ.

ಉಪ್ಪುಗಾಳಿ (ಕಾರವಾರ)
ಕಡಲಿನ ಹತ್ತಿರದವರು ಆರ್‌ಸಿಎ ತುದಿಗಳನ್ನೂ ನೋಡಿ. ಉಪ್ಪುಗಾಳಿಗೆ ಲೋಹ ಮಂಕಾಗಿ ಹಸಿರು ಕಟ್ಟಿಕೊಂಡು ಕರಕರ, ಗುಂಯ್ ಎಲ್ಲ ಶುರುವಾಗುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಒರೆಸಿ ಬಿಗಿಯಾಗಿ ಕೂರಿಸಿ. ಆರ್‌ಸಿಎ ಕೇಬಲ್ಲನ್ನು ಕರೆಂಟ್ ತಂತಿಯ ಜೊತೆಗೆ ಕಟ್ಟಿ ಎಳೆಯಬೇಡಿ.

ಕೋಡಿಬಾಗದವ
ಆರ್‌ಸಿಎ ಕೇಬಲ್ ಹಾಕಿದೆ, ಸೋಫಾ ಹಿಂದಕ್ಕೆ ಸರಿಸಿದೆ, ಎಲ್ಲವನ್ನೂ ಸ್ಮಾಲ್ ಮಾಡಿ 80 ಇಟ್ಟೆ. ಆಳ ಬಂದಿದೆ! ಮೊದಲ ಬಾರಿ ಗುಡುಗು ಗುಡುಗಿನ ಹಾಗೆ ಕೇಳಿತು. ಗೊಂಯ್ ಸದ್ದು ಡಿಶ್ ತಂತಿಯದೇ, ಬಿಚ್ಚಿದ ಕೂಡಲೇ ನಿಂತಿತು. ಈಗ ಮಟ್ಟ ಹೊಂದಿಸುವುದು ಹೇಗೆ? ಡೆನಾನ್ ಜೊತೆ ಒಂದು ಮೈಕ್ ಬಂದಿದೆ. ಮೊಬೈಲ್ ಆ್ಯಪ್ ಸಾಕೋ, ಆ ಮೈಕ್ ಬೇಕೋ?

ಅಳತೆಪಟ್ಟಿ
ಮೈಕ್ ಬಳಸಿ, ನಿಮ್ಮ ರಿಸೀವರ್‌ನಲ್ಲಿ ಆಡಿಸ್ಸಿ ಇದೆ, ಅಂದರೆ ಮೈಕಿನಿಂದ ಕೋಣೆಯ ಸದ್ದು ಅಳೆದು ತಾನೇ ಹೊಂದಿಸುವ ವ್ಯವಸ್ಥೆ. ಮೈಕನ್ನು ಸೋಫಾದ ಮೇಲೆ ಮಲಗಿಸಬೇಡಿ. ಟ್ರೈಪಾಡ್ ಮೇಲೆ, ಕುಳಿತಾಗ ಕಿವಿ ಇರುವ ಎತ್ತರಕ್ಕೆ ನಿಲ್ಲಿಸಿ. ಫ್ಯಾನ್, ಫ್ರಿಜ್ ಆರಿಸಿ. ಜೂನ್, ಜುಲೈನಲ್ಲಿ ಮಳೆ ಹೊಯ್ಯುವಾಗ ಅಳೆಯಲು ಹೋಗಬೇಡಿ, ಮಳೆ ಬಿಟ್ಟ ಹೊತ್ತು ನೋಡಿ.

ಶುರುವಿನಲ್ಲಿ ಸಬ್‌ನ ಗೇನ್ (ಸದ್ದಿನ ಮಟ್ಟದ ನಾಬ್) ಅರ್ಧದ ಆಸುಪಾಸಿನಲ್ಲಿ ಇರಲಿ. ಅಳತೆ ಮುಗಿದ ಮೇಲೆ ರಿಸೀವರ್ ಸಬ್‌ಗೆ ಎಷ್ಟು ಮಟ್ಟ ಕೊಟ್ಟಿದೆ ಎಂದು ನೋಡಿ. ಮೈನಸ್ 12 ಎಂದಿದ್ದರೆ ಅದು ತಳ ಮುಟ್ಟಿದೆ ಎಂದರ್ಥ, ಸಬ್‌ನ ಗೇನ್ ಇಳಿಸಿ ಮತ್ತೆ ಅಳೆಯಿರಿ. ಮೈನಸ್ ಮೂರು ನಾಲ್ಕರ ಹತ್ತಿರ ಬಂದರೆ ಒಳ್ಳೆಯದು. ಸಬ್‌ನ ದೂರವನ್ನು ಅದು ನಿಜಕ್ಕಿಂತ ಹಲವು ಅಡಿ ಹೆಚ್ಚು ತೋರಿಸಬಹುದು. ಟೇಪು ಹಿಡಿದು ತಿದ್ದಲು ಹೋಗಬೇಡಿ. ಸಬ್‌ನ ಒಳಗಿನ ಸರ್ಕ್ಯೂಟು ಸದ್ದನ್ನು ತುಸು ತಡಮಾಡುತ್ತದೆ, ಆ ತಡವನ್ನು ರಿಸೀವರ್ ಅಡಿಗಳ ಲೆಕ್ಕದಲ್ಲಿ ಹೇಳುತ್ತಿದೆ. ಕೊನೆಗೆ ಅದು ಯಾವುದಾದರೂ ಸ್ಪೀಕರನ್ನು ‘ಲಾರ್ಜ್’ ಮಾಡಿದ್ದರೆ ನೀವೇ ಸ್ಮಾಲ್‌ಗೆ ತನ್ನಿ.

ಮೊಬೈಲ್ ಮೈಕ್ ಮಾತಿಗಾಗಿ ಮಾಡಿದ್ದು, ತಗ್ಗಿನ ಸ್ವರದಲ್ಲಿ ಅದರ ಮಾತನ್ನು ನಂಬಬೇಡಿ. ಶಬ್ದಮಾಪಕ ಇದ್ದರೆ ‘ಸಿ’ ಮತ್ತು ‘ಸ್ಲೋ’ಗೆ ಇಟ್ಟು ರಿಸೀವರ್‌ನ ಪರೀಕ್ಷಾ ಸದ್ದಿನಲ್ಲಿ 75 ಡೆಸಿಬೆಲ್ ಬರುವಂತೆ ನೋಡಬಹುದು. ‘ಎ’ಗೆ ಇಟ್ಟರೆ ತಗ್ಗಿನ ಸ್ವರವನ್ನು ಅದು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಹಳೆಯ ಆಂಪ್ಲಿಫೈಯರ್
ಯಂತ್ರ ಹೇಳಿದ್ದನ್ನೆಲ್ಲ ಕೇಳಬೇಕೇ? ನಮಗೆ ಕಿವಿ ಇಲ್ಲವೇ? ಆಡಿಸ್ಸಿ ಮಾಡಿದ ಮೇಲೆ ಬಾಸ್ ಸಪ್ಪೆಯಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ.

ಅಳತೆಪಟ್ಟಿ
ಉಬ್ಬಿದ ಒಂದು ಸ್ವರಕ್ಕೆ ಒಗ್ಗಿಹೋದ ಕಿವಿಗೆ ಸಮಮಟ್ಟ ಸಪ್ಪೆ ಅನ್ನಿಸುತ್ತದೆ. ಕೆಲವು ದಿನ ಹಾಗೇ ಕೇಳಿ. ಆಮೇಲೂ ಬೇಕೆನಿಸಿದರೆ ಎರಡು ಮೂರು ಡೆಸಿಬೆಲ್ ಏರಿಸಿಕೊಳ್ಳಿ, ನಿಮ್ಮ ಮನೆ, ನಿಮ್ಮ ಕಿವಿ. ಆದರೆ ಏರಿಸುವುದಕ್ಕೆ ಮೊದಲು ಸಮ ಎಂದರೆ ಎಲ್ಲಿ ಎಂದು ಗೊತ್ತಿರಬೇಕು.

ಉಪ್ಪುಗಾಳಿ
ಫೇಸ್ ಸ್ವಿಚ್ ಮರೆತಿರಿ. 80 ಹರ್ಟ್ಸ್‌ನ ಸದ್ದನ್ನು ಮುಂದಿನ ಸ್ಪೀಕರ್ ಮತ್ತು ಸಬ್ ಎರಡರಲ್ಲೂ ಬರುವಂತೆ ಹಾಕಿ ನೀವು ಸೋಫಾದಲ್ಲಿ ಕುಳಿತುಕೊಳ್ಳಿ. ಮನೆಯವರು ಯಾರಾದರೂ ಸ್ವಿಚ್ ಅನ್ನು 0 ಮತ್ತು 180ರ ನಡುವೆ ಬದಲಿಸಲಿ. ಯಾವುದರಲ್ಲಿ ಜೋರಾಗಿ ಕೇಳುತ್ತದೆಯೋ ಅದೇ ಸರಿ. ಸ್ವಿಚ್ ಬದಲಿಸಿದರೆ ಆಡಿಸ್ಸಿಯನ್ನು ಮತ್ತೆ ಓಡಿಸಿ.

ಅಪ್ಪೆಮಿಡಿ
ನಮ್ಮ ಮನೆಯಲ್ಲಿ ಮೂಲೆಗೆ ಅಡಿಕೆ ಚೀಲ ಪೇರಿಸಿದರೆ ಗುಂಯ್ ಸದ್ದು ಹೀರಿಕೊಳ್ಳುತ್ತದೆ ಎಂದು ಒಬ್ಬರು ಹೇಳಿದರು. ನಿಜವೇ? ಚೀಲಗಳಂತೂ ಹೇಗೂ ಇವೆ.

ಅಳತೆಪಟ್ಟಿ
ಮಾತಿನ ಪ್ರತಿಧ್ವನಿಗೆ ಅಷ್ಟಿಷ್ಟು ನೆರವಾದೀತು. 40 ಹರ್ಟ್ಸ್‌ನ ಅಲೆ ಎಂಟೂವರೆ ಮೀಟರ್ ಉದ್ದ. ಅದನ್ನು ಚೆನ್ನಾಗಿ ಹೀರಬೇಕಾದರೆ ಅದರ ಕಾಲುಭಾಗ, ಅಂದರೆ ಎರಡು ಮೀಟರಿನಷ್ಟು ದಪ್ಪದ ಗೋಡೆಯನ್ನೇ ಕಟ್ಟಬೇಕು. ಅಡಿಕೆಗೆ ದರ ಬಂದಾಗ ಮಾರಿಬಿಡಿ.

ದೇವಿಮನೆ (ಶಿರಸಿ)
ನಮ್ಮದು ಹೆಂಚಿನ ಮನೆ, ಮರದ ಅಟ್ಟ, ಎರಡು ಕಡೆ ತೆರೆದ ಬಾಗಿಲು. ಗುಂಯ್ ಸದ್ದು ಇಲ್ಲವೇ ಇಲ್ಲ. ಆದರೆ ಎಷ್ಟು ಏರಿಸಿದರೂ ಸಬ್ ಸಾಲದು, ಏರಿಸಿದರೆ ಮೇಲಿನಿಂದ ಟರಟರ ಎನ್ನುತ್ತದೆ.

ತೊಡದೇವು
ಹೆಂಚಿನ ಸಂದು, ಅಟ್ಟ, ಬಾಗಿಲು ಎಲ್ಲದರ ಮೂಲಕ ತಗ್ಗಿನ ಸ್ವರ ಸೋರಿಹೋಗುತ್ತದೆ. ಅಲೆ ನಿಲ್ಲಲು ಗಟ್ಟಿ ಗೋಡೆ ಬೇಕು. ಅದಿಲ್ಲದ್ದರಿಂದ ಗುಂಯ್ ಇಲ್ಲ, ಬಲವೂ ಇಲ್ಲ. ನಿಮಗೆ ನಿಜಕ್ಕೂ ದೊಡ್ಡ ಸಬ್ ಬೇಕು. ಟರಟರ ಮಾತ್ರ ಹುಡುಕಿ ಸರಿಮಾಡಬಹುದು. 20ರಿಂದ 120 ಹರ್ಟ್ಸ್‌ವರೆಗೆ ನಿಧಾನವಾಗಿ ಏರುವ ಸದ್ದು ಹಾಕಿ ಮನೆ ತುಂಬ ಓಡಾಡಿ. ರೀಪಿನ ಮೇಲೆ ಸಡಿಲ ಕೂತ ಹೆಂಚು, ದೇವರ ಫೋಟೋದ ಗಾಜು, ಕಪಾಟಿನ ಸ್ಟೀಲ್ ಪಾತ್ರೆ, ಒಂದೊಂದೂ ತನ್ನ ಆವರ್ತನ ಬಂದಾಗ ಸದ್ದು ಮಾಡುತ್ತದೆ. ಫೋಟೋದ ಹಿಂದೆ ಸಣ್ಣ ಫೆಲ್ಟ್ ತುಂಡು ಅಂಟಿಸಿ.

ಮದ್ದಳೆ (ಹೊನ್ನಾವರ)
ಸಿನಿಮಾ ಬಿಡಿ. ನಾನು ಕೇಳುವುದು ಯಕ್ಷಗಾನ ಮತ್ತು ತಾಳಮದ್ದಳೆಯ ಮುದ್ರಣಗಳನ್ನು. ಸಬ್ ಹಾಕಿದ ಮೇಲೆ ಅರ್ಥಧಾರಿ ಟಿವಿಯ ಹತ್ತಿರ ಕೂತು ಮಾತಾಡುವ ಬದಲು ಕೋಣೆಯ ಮೂಲೆಯಲ್ಲಿ ಕೂತಂತೆ ಕೇಳುತ್ತದೆ. ಇದನ್ನು ಸಹಿಸಲಾರೆ.

ಗಜನಿ ಗದ್ದೆ
ನಿಮ್ಮ ಸ್ಪೀಕರ್ ಅಂಗೈಯಗಲದವು ಇರಬೇಕು, ಕ್ರಾಸ್‌ಓವರ್ 150ಕ್ಕೆ ಹೋಗಿರಬೇಕು. ಗಂಡಸರ ದನಿಯ ತಳ ನೂರು ಹರ್ಟ್ಸ್‌ನ ಆಚೀಚೆ ಇರುತ್ತದೆ. 80ಕ್ಕಿಂತ ಕೆಳಗಿನ ಸದ್ದು ಯಾವ ದಿಕ್ಕಿನಿಂದ ಬಂತೆಂದು ಕಿವಿ ಗುರುತಿಸುವುದು ಕಷ್ಟ, ಅದಕ್ಕಿಂತ ಮೇಲೆ ಹೋದಂತೆ ಗುರುತಿಸುತ್ತದೆ. ಹೀಗಾಗಿ ದನಿಯ ತಳ ಸಬ್‌ನ ಮೂಲೆಯಿಂದ, ಉಳಿದದ್ದು ಎದುರಿನಿಂದ ಬರುತ್ತಿದೆ. ಸಬ್ ಅನ್ನು ಮುಂದಿನ ಸ್ಪೀಕರ್‌ಗಳ ನಡುವೆ ತನ್ನಿ, ಇಲ್ಲವೇ 80ರವರೆಗೆ ಇಳಿಯಬಲ್ಲ ಸ್ಪೀಕರ್ ಹಾಕಿ. ಚಂಡೆಯ ಮೊನಚು ಇರುವುದು ಮೇಲಿನ ಸ್ವರಗಳಲ್ಲಿ, ಅದಕ್ಕೆ ಸಬ್ ಏನೂ ಸೇರಿಸದು.

ಮದ್ದಳೆ
ಮೂರು ಇಂಚಿನವೇ. ನಡುವೆ ತಂದು ನೋಡಿದೆ, ಮಾತು ವೇದಿಕೆಗೆ ಮರಳಿತು. ಬಹಳ ಉಪಕಾರ.

ಮೂರನೆಯ ಮಹಡಿ (ಕಾರವಾರ)
ಅಪಾರ್ಟ್‌ಮೆಂಟಿನವರು ಏನು ಮಾಡಬೇಕು? ಕೆಳಗಿನ ಮನೆಯಲ್ಲಿ ವಯಸ್ಸಾದವರಿದ್ದಾರೆ. ರಾತ್ರಿ ಸದ್ದು ಇಳಿಸಿದರೆ ಬಾಸ್ ಪೂರ್ತಿ ಮಾಯ, ಕೆಲವೊಮ್ಮೆ ಸಬ್ ತಾನಾಗಿ ಆಫ್ ಕೂಡ ಆಗುತ್ತದೆ.

ಉಪ್ಪುಗಾಳಿ
ಸದ್ದು ಇಳಿದಂತೆ ನಮ್ಮ ಕಿವಿ ತಗ್ಗಿನ ಸ್ವರಕ್ಕೆ ಮಂದವಾಗುತ್ತದೆ. 1933ರಲ್ಲೇ ಫ್ಲೆಚರ್ ಮತ್ತು ಮನ್ಸನ್ ಇದನ್ನು ಅಳೆದು ತೋರಿಸಿದ್ದಾರೆ. ಡೆನಾನ್‌ನಲ್ಲಿ ‘ಡೈನಾಮಿಕ್ ಈಕ್ಯೂ’ ಆನ್ ಮಾಡಿದರೆ ಅದನ್ನು ತುಂಬಿಕೊಡುತ್ತದೆ. ಆಫ್ ಆಗುವುದು ‘ಆಟೋ’ ಸ್ವಿಚ್‌ನಿಂದ, ಅದನ್ನು ‘ಆನ್’ಗೆ ಇಡಿ. ಸಬ್‌ನ ಕೆಳಗೆ ದಪ್ಪ ರಬ್ಬರ್ ಅಥವಾ ಫೋಮ್ ಇಟ್ಟರೆ ಪೆಟ್ಟಿಗೆಯ ಕಂಪನ ನೆಲಕ್ಕೆ ಇಳಿಯುವುದು ಕಡಿಮೆಯಾಗುತ್ತದೆ, ಆದರೆ ಗಾಳಿಯಲ್ಲಿ ಹೋಗುವ ಸದ್ದು ಹೋಗಿಯೇ ಹೋಗುತ್ತದೆ. ಹತ್ತು ಗಂಟೆಯ ಮೇಲೆ ಇಳಿಸಿಬಿಡಿ. ಕೆಳಗಿನವರ ನಿದ್ದೆ ದೊಡ್ಡದು.

ಕೋಡಿಬಾಗದವ
ಒಂದು ಕೊನೆಯ ಪ್ರಶ್ನೆ. ಮುಂದೆ ಎರಡನೆಯ ಸಬ್ ತಂದರೆ ಉಪಯೋಗ ಉಂಟೇ? ಮಗ ಪಕ್ಕದ ಕುರ್ಚಿಯಲ್ಲಿ ಕೂತರೆ ಅವನಿಗೆ ಬೇರೆಯೇ ಕೇಳುತ್ತದೆ.

ಅಳತೆಪಟ್ಟಿ
ಅದಕ್ಕೇ ಎರಡು ಬೇಕು, ಜೋರಿಗಾಗಿ ಅಲ್ಲ. ಹರ್ಮನ್ ಸಂಸ್ಥೆಯ ಟಾಡ್ ವೆಲ್ಟಿ 2002ರಲ್ಲಿ ಎಷ್ಟು ಸಬ್, ಎಲ್ಲೆಲ್ಲಿ ಎಂದು ಲೆಕ್ಕಹಾಕಿ ಮಂಡಿಸಿದರು. ಆಯತಾಕಾರದ ಕೋಣೆಯಲ್ಲಿ ಎದುರುಬದುರು ಗೋಡೆಗಳ ಮಧ್ಯಬಿಂದುವಿನಲ್ಲಿ ಒಂದೊಂದು ಇಟ್ಟರೆ ಸೀಟಿನಿಂದ ಸೀಟಿಗೆ ವ್ಯತ್ಯಾಸ ಬಹಳ ಇಳಿಯುತ್ತದೆ. ಎರಡೂ ಒಂದೇ ಮಾದರಿಯವು ಇರಲಿ.

ಫ್ಯೂಸ್ ತಂತಿ
ಎರಡು ತನ್ನಿ, ನಾಲ್ಕು ತನ್ನಿ. ಏಪ್ರಿಲ್, ಮೇ ತಿಂಗಳ ಸಂಜೆ ಘಟ್ಟದ ಕಡೆ ಮೋಡ ಕಪ್ಪಾದರೆ ಎಲ್ಲದರ ಪ್ಲಗ್ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು, ಡಿಶ್ ತಂತಿಯನ್ನೂ ಇಂಟರ್ನೆಟ್ ತಂತಿಯನ್ನೂ ಬಿಚ್ಚಬೇಕು. ನಾನು ನೋಡಿದ ಸುಟ್ಟ ರಿಸೀವರ್‌ಗಳಲ್ಲಿ ಹೆಚ್ಚಿನವಕ್ಕೆ ಸಿಡಿಲು ಹೊಕ್ಕಿದ್ದು ಆ ತಂತಿಗಳಿಂದಲೇ.

ದೇವಿಮನೆ
ಸ್ಟೆಬಿಲೈಜರ್ ಇದ್ದರೂ ಕೀಳಬೇಕೇ?

ಫ್ಯೂಸ್ ತಂತಿ
ಕೀಳಲೇಬೇಕು. ಸ್ಟೆಬಿಲೈಜರ್ ಇರುವುದು ವೋಲ್ಟೇಜ್ ಏರಿಳಿತಕ್ಕೆ, ಸಿಡಿಲಿಗಲ್ಲ.